ಹದಿನೆಂಟು ಡಿಗ್ರಿ

ಜುಲೈ ಇಲ್ಲಿ ಗಡಗಡ ಚಳಿಯ ತಿಂಗಳು.
ಪೊರಿರುವಾದ ಗುಡ್ಡದ ನೆರಳಲ್ಲಿ ಕೂತ ಈ ಬೀದಿಗೆ
ಸೂರ್ಯ ಮಧ್ಯಾಹ್ನ ಒಂದಕ್ಕೆ ಬಂದು
ಎರಡೂವರೆಗೆ ಸಹಿ ಹಾಕಿ ಹೋಗುತ್ತಾನೆ,
ನಮ್ಮ ಕಚೇರಿಯ ಕೆಲವರ ಹಾಗೆ.

ನನ್ನ ಚೀಲದಲ್ಲಿ ಒಂದು ತೇವಮಾಪಕ, ಒಂದು ಥರ್ಮಾಮೀಟರು,
ಹದಿನಾಲ್ಕು ಪುಟದ ಫಾರಮ್ಮು.
ಡಾಕ್ಟರಲ್ಲ ನಾನು. ಗೋಡೆಗಳ ನಾಡಿ ಹಿಡಿಯುವವನು.

ತಿರೇಸಾ ಬಾಗಿಲು ತೆಗೆದಳು, ಕೈಯಲ್ಲಿ ಬ್ಲೀಚಿನ ಬಟ್ಟೆ.
"ನಮ್ಮಲ್ಲಿ ಬೂಟು ಬಿಚ್ಚಿ ಬರುವುದು ಕ್ರಮ.
ನೀವು ಬಿಚ್ಚಬೇಡಿ, ನೆಲ ಕಚ್ಚುತ್ತದೆ."
ಬಿಚ್ಚಿದೆ.
ಕಚ್ಚಿತು.

ಮೂರು ಮಲಗುವ ಕೋಣೆ. ಎರಡಕ್ಕೆ ಬೀಗವಿಲ್ಲ, ಆದರೂ ಮುಚ್ಚಿವೆ:
ಕರೆಂಟಿನ ಬಿಲ್ಲು ಒಪ್ಪಿರುವುದು ಒಂದೇ ಹೀಟರಿಗೆ.
ಹಾಗಾಗಿ ಒಂಬತ್ತು ಜನ ಒಂದೇ ಕಡೆ,
ತಲೆಗೆ ಕಾಲು, ಕಾಲಿಗೆ ತಲೆ,
ಒಬ್ಬರ ಉಸಿರು ಇನ್ನೊಬ್ಬರಿಗೆ ಹೊದಿಕೆ,
ಒಬ್ಬರ ಗಂಟಲು ನೋವು
ಪಾಲಾಗದ ಆಸ್ತಿ.

ಪೆನೀನಾಗೆ ಹತ್ತು ವರ್ಷ.
ಗಂಟಲಲ್ಲಿ ಶುರುವಾದದ್ದು ಮೊಣಕಾಲಿಗೆ ಇಳಿಯಿತಂತೆ,
ಮೊಣಕಾಲಿಂದ ಎದೆಗೆ ಹತ್ತಿತಂತೆ.
ಈಗ ಇಪ್ಪತ್ತೆಂಟು ದಿನಕ್ಕೊಂದು ಪೆನಿಸಿಲಿನ್ ಸೂಜಿ,
ಇಪ್ಪತ್ತೊಂದು ತುಂಬುವ ತನಕ.
ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ
ಅವಳು ಜೇನುನೊಣ ಬರೆದಿದ್ದಾಳೆ.
"ಇನ್ನು ನೂರಾ ನಲವತ್ಮೂರು ನೊಣ" ಎಂದಳು,
ಬೆವೆತ ಕಿಟಕಿಯ ಗಾಜಿನ ಮೇಲೆ
ಬೆರಳಿಂದ ನನ್ನ ಮೂಗು ತಿದ್ದುತ್ತಾ.

ನರ್ಸು ಬರುತ್ತಾಳೆ, ತಪ್ಪದೆ, ಒಳ್ಳೆಯವಳು.
ಚುಚ್ಚಿ, ಬೆನ್ನು ಸವರಿ,
ಮತ್ತದೇ ಕಪ್ಪು ಗೋಡೆಯ ಪಕ್ಕ ಮಲಗಿಸಿ ಹೋಗುತ್ತಾಳೆ.
ಸೋರುವ ಮಾಡಿನ ಕೆಳಗೆ ಬಕೆಟ್ಟು ಬದಲಿಸಿದ ಹಾಗೆ.

ಮನೆಯೊಡೆಯ ಹಾರ್ಕ್‌ನೆಸ್ ಫೋನಿನಲ್ಲಿ ಹೇಳಿದ:
"ಅಷ್ಟು ಜನ ಸೇರಿ ಅಷ್ಟೊಂದು ಉಸಿರಾಡಿದರೆ
ಪಾಪ, ಗೋಡೆ ಏನು ಮಾಡೀತು?"
ಫಾರಮ್ಮಿನ ಒಂಬತ್ತನೇ ಪುಟದಲ್ಲಿ ಒಂದು ಖಾನೆ:
ಬಾಡಿಗೆದಾರರ ದುರಭ್ಯಾಸಗಳು.
ಬರೆದೆ: ಉಸಿರಾಡುತ್ತಾರೆ.

ಆ ಹಾಳೆ ಸಮಿತಿಯ ಮೇಜಿನವರೆಗೂ ಹೋಯಿತು.
ಒಬ್ಬರು ನಕ್ಕರು. ಒಬ್ಬರು ಕನ್ನಡಕ ತೆಗೆದರು.
ಬಾಡಿಗೆ ಮನೆ ಎಷ್ಟು ಬೆಚ್ಚಗಿರಬೇಕು?
ಹದಿನಾರೋ, ಹದಿನೆಂಟೋ? ಮೂರು ತಿಂಗಳು ಚರ್ಚೆ.
"ಎರಡು ಡಿಗ್ರಿ ಎಂದರೆ ಎಷ್ಟು ಮಿಲಿಯನ್ನು, ಗೊತ್ತೇನ್ರೀ?"
ಕೇಳಿದವರು ಕೋಟು ಕಳಚಿ ಕುರ್ಚಿಗೆ ನೇತುಹಾಕಿದ್ದರು.
ಚೀಲದೊಳಗೆ ನನ್ನ ಥರ್ಮಾಮೀಟರು
ಯಾರೂ ಕೇಳದೆಯೇ ಇಪ್ಪತ್ತೆರಡು ಎನ್ನುತ್ತಿತ್ತು.

ಮತದ ದಿನ ಹದಿನಾರರ ಕಡೆಯವರೊಬ್ಬರು ರಜೆಯಲ್ಲಿದ್ದರು,
ದೋಣಿ ಹತ್ತಿ ಮೀನು ಹಿಡಿಯಲು.
ಹದಿನೆಂಟು ಗೆದ್ದಿತು.
ನ್ಯಾಯ ಒಮ್ಮೊಮ್ಮೆ ಹೀಗೂ ಬರುತ್ತದೆ,
ಸಮುದ್ರ ಶಾಂತವಾಗಿದ್ದ ಕಾರಣಕ್ಕೆ.

ಮರುವರ್ಷದ ಜುಲೈ. ಅದೇ ಬಾಗಿಲು, ಬೂಟು ಹೊರಗೆ.
ಸೂರಿನಡಿ ಉಣ್ಣೆಯ ಪದರ, ಗೋಡೆಯಲ್ಲಿ ಹೊಸ ಹೀಟರು.
ಬಾಡಿಗೆ ವಾರಕ್ಕೆ ಮೂವತ್ತು ಡಾಲರ್ ಏರಿದೆ.
ಅದಕ್ಕೆ ಇನ್ನೊಂದು ಕಾನೂನು ಬೇಕು,
ಇನ್ನೊಬ್ಬರ ರಜೆ ಬೇಕು.

ಮೂರು ಬಾಗಿಲೂ ತೆರೆದಿವೆ. ಪುಟ್ಟ ಸೆಮೀಸಿ ಮಾತ್ರ
ರಾತ್ರಿ ದಿಂಬು ಹಿಡಿದು ಅಜ್ಜಿಯ ಪಕ್ಕಕ್ಕೆ ಬರುತ್ತಾನಂತೆ,
ಚಳಿಗಲ್ಲ, ಕತ್ತಲಿಗೆ.
ಈ ಚಳಿಗಾಲ ಇಡೀ ಅವನ ಗಂಟಲು ಚೊಕ್ಕ.

ಪೆನೀನಾಳ ಎದೆಯಲ್ಲಿ ಆ ಸಣ್ಣ ಗುಸುಗುಸು
ಇನ್ನೂ ಇದೆ ಎಂದಳು ನರ್ಸು.
ನಮ್ಮ ಕಾನೂನಿಗೆ ಪೂರ್ವಾನ್ವಯವಿಲ್ಲ.
ನೂರಾ ಮೂವತ್ತು ನೊಣ ಬಾಕಿ.

ಅವಳದೇ ಒಂದು ದೂರು ಇತ್ತು, ಅದೂ ನನ್ನ ಮೇಲೆ:
"ಕಿಟಕಿ ಒಣಗಿಹೋಗಿದೆ. ಈಗ ಎಲ್ಲಿ ಬರೆಯಲಿ?"
ಫಾರಮ್ಮಿನ ಒಂಬತ್ತನೇ ಪುಟ ಹರಿದು ಕೊಟ್ಟೆ.
ಹಿಂಬದಿ ಖಾಲಿಯಿತ್ತು.