ಕರ್ಣದ ಅಳತೆ

ಮತ್ರಾದ ಮೇಲ್ಗುಡ್ಡದಲ್ಲಿ ಶಮ್ಸಾ ಟೀಚರ ಅಂಗಳಕ್ಕೆ
ಟೈಲ್ಸ್ ಕೂರಿಸುತ್ತಿದ್ದೆ, ಅರವತ್ತಕ್ಕೆ ಅರವತ್ತು,
ಓರೆಯಾಗಿಯೇ ಬೇಕೆಂದಿದ್ದರು.
ಮೂಲೆಯಿಂದ ಮೂಲೆಗೆ ನೀಲಿ ಪೆನ್ಸಿಲಿನ ಗೆರೆ ಎಳೆದು
ಟೇಪು ಹಿಡಿದು, ಎಂಬತ್ತೈದು ಅಂದೆ.
ಕಹ್ವಾ ಹೀರುತ್ತಿದ್ದವರು ನಕ್ಕರು:
ಅಲ್ಲ, ಸ್ವಲ್ಪ ಕಡಿಮೆ.
ಎಂಬತ್ತನಾಲ್ಕು ಮುಕ್ಕಾಲು?
ಅಲ್ಲ, ಸ್ವಲ್ಪ ಹೆಚ್ಚು.
ಹಾಗಾದರೆ ಎಷ್ಟು, ನೀವೇ ಹೇಳಿ.
ಅರಬ್ಬಿ ಹಿಂದಿ ಕಲಸಿ ಅವರು ಹೇಳಿದ್ದು ಇಷ್ಟು:
ಉದ್ದ ಇದೆ, ಯಾವ ಭಾಗಾಕಾರಕ್ಕೂ ಬಗ್ಗದ ಉದ್ದ.
ನಿನ್ನ ಟೇಪಿನ ಗೀಟುಗಳನ್ನು ಎಷ್ಟು ಸಣ್ಣಗೆ ಸೀಳಿದರೂ
ಇದರ ತುದಿ ಬೀಳುವುದು ಎರಡು ಗೀಟುಗಳ ನಡುವೆಯೇ.

ಆಗ ನೆನಪಾಯಿತು ಒಂಬತ್ತನೇ ಕ್ಲಾಸು,
ಬೋರ್ಡಿನ ಮೇಲಿದ್ದ ಶಬ್ದ: ಅಭಾಗಲಬ್ಧ.
ಎದ್ದು ನಿಂತು ಗಟ್ಟಿಯಾಗಿ ಓದಿದ್ದೆ, ಅಭಾಗ್ಯಲಬ್ಧ.
ಬೆತ್ತ ಮುರಿಯಿತು; ಅರ್ಥ ಯಾರೂ ಹೇಳಲಿಲ್ಲ.
ಪಾಲು ಹಾಕಿದರೆ ಸಿಗುವುದು ಭಾಗಲಬ್ಧ,
ಸಿಗದ್ದು ಇನ್ನೊಂದು. ಅಷ್ಟೇ.
ಕೇಡು ಅದರಲ್ಲಿ ಏನೂ ಇರಲಿಲ್ಲ.

ಪಾಲು ಹಾಕುವುದು ನಮಗೆ ಗೊತ್ತು.
ರುವಿಯ ರೂಮಿನಲ್ಲಿ ಏಳು ಮಂದಿ,
ಲೆಕ್ಕವೆಲ್ಲ ಸಿಪ್ರಿಯನ್ ಲೋಬೊ ಪುಸ್ತಕದಲ್ಲಿ.
ಒಂದು ರಿಯಾಲಿನ ಖುಬುಸ್ ತಂದರೆ ತಲೆಗೆ
ನೂರ ನಲವತ್ತೆರಡು ಬೈಸ, ಆಮೇಲೆ ಚುಕ್ಕಿ,
ಎಂಟು ಐದು ಏಳು, ಮತ್ತೆ ಒಂದು ನಾಲ್ಕು ಎರಡು,
ಮತ್ತೆ ಎಂಟು ಐದು ಏಳು.
ಆರೇ ಅಂಕಿ, ನಮ್ಮ ಆರು ದಿನದ ಕೆಲಸದ ಹಾಗೆ:
ಶನಿವಾರ ಮತ್ತೆ ಅದೇ ಬಸ್ಸು, ಅದೇ ಹರಿದ ಸೀಟು.
ಮುಗಿಯದ್ದೆಲ್ಲ ಅಭಾಗಲಬ್ಧ ಎಂದುಕೊಂಡಿದ್ದೆ. ತಪ್ಪು.
ಮುಗಿಯದಿದ್ದರೂ ಸುತ್ತು ತಿರುಗಿ ಬರುವುದು
ಪಾಲಿನಲ್ಲೇ ಹುಟ್ಟಿದ್ದು.
ಎಷ್ಟು ದೂರ ನಡೆದರೂ
ಯಾವ ಸುತ್ತಿಗೂ ಕಟ್ಟುಬೀಳದ್ದು ಆ ನೀಲಿ ಗೆರೆ.

ಕೊರಗಪ್ಪಣ್ಣ ಮಲಗುತ್ತಿದ್ದದ್ದು ನನ್ನ ಮೇಲಿನ ಬಂಕಿನಲ್ಲಿ.
ಅವರ ಗೊರಕೆಗೆ ತಾಳ ಇರಲಿಲ್ಲ:
ಒಮ್ಮೆ ಹಲಗೆ ಎಳೆದ ಹಾಗೆ, ಒಮ್ಮೆ ಸೀಟಿ,
ಒಮ್ಮೆ ಗಪ್ಪನೆ ನಿಂತು,
ಉಸಿರಿದೆಯೇ ಎಂದು ನಾನೆದ್ದು ನೋಡುವಷ್ಟರಲ್ಲಿ
ಡೀಸೆಲ್ ಪಂಪು.
ಒಂಬತ್ತು ವರ್ಷ ಕಾದೆ, ಅದು ಮೊದಲಿಗೆ ಮರಳಲಿ,
ಬೇಸರಕ್ಕಾದರೂ ನಿದ್ದೆ ಹತ್ತಲಿ ಎಂದು.
ಬೈದಿದ್ದೇನೆ. ಚಪ್ಪಲಿ ಎಸೆದಿದ್ದೇನೆ.

ವೀಸಾ ಕ್ಯಾನ್ಸಲ್ ಆಗಿ ಅವರು ಹೋದ ತಿಂಗಳು
ಲೋಬೊ ಆರರಿಂದ ಭಾಗಿಸಿದರು:
ನೂರ ಅರವತ್ತಾರು, ಚುಕ್ಕಿ, ಆರು, ಆರು, ಆರು.
ಬಾಡಿಗೆ ಹಂಚಿಹೋಯಿತು, ಗ್ಯಾಸು ಹಂಚಿಹೋಯಿತು,
ಅವರು ಬಿಟ್ಟುಹೋದ ಮಿಡಿ ಉಪ್ಪಿನಕಾಯಿಯೂ.

ಈಗ ರಾತ್ರಿ ಏಸಿ ಮಾತ್ರ.
ಟಕ್, ಗುರ್, ಟಕ್, ಗುರ್.
ಮುಂದಿನದು ಯಾವುದೆಂದು ಗೊತ್ತು,
ಗೊತ್ತಿರುವುದಕ್ಕೇ ಎಚ್ಚರ.

ಟೀಚರಿಗೆ ಹೇಳಿದೆ, ನಮ್ಮಲ್ಲಿ ಈ ಗೆರೆಗೆ ಕರ್ಣ ಅನ್ನುತ್ತಾರೆ,
ಕಿವಿಗೂ ಅದೇ ಹೆಸರು.
ನಮ್ಮಲ್ಲಿ ವತರ್, ಅಂದರು, ಬಿಲ್ಲಿನ ಹೆದೆ.
ಇಬ್ಬರೂ ಸ್ವಲ್ಪ ಹೊತ್ತು ಆ ಕಲ್ಲನ್ನೇ ನೋಡಿದೆವು.

ಕಟರ್ ಹಿಡಿದೆ. ಬಿಳಿ ಧೂಳು ಎದ್ದು ಇಳಿಯಿತು.
ತುಂಡು ಗೋಡೆಯಂಚಿಗೆ ಸರಿಯಾಗಿ ಕೂತಿತು.
ಬರಿಗಾಲಲ್ಲಿ ಅದರಂಚಿನ ಮೇಲೆ ನಿಂತೆ:
ಈ ತುದಿಯಿಂದ ಆ ತುದಿ, ಅಲ್ಲೇ ಇತ್ತು,
ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ.
ಸಂಜೆ ಸೂಪರ್‌ವೈಸರ್ ಅಳತೆ ಕೇಳಿದ.
ಎಂಬತ್ತೈದು ಎಂದು ಬರೆದು ಕೊಟ್ಟೆ.