ಆರು ವ್ಯಾಟ್

ಟಾಡ್ಮರ್ಡನ್ನಿನ ಈ ಮನೆಯಲ್ಲಿ ಮೀಟರು ಮೆಟ್ಟಿಲ ಕೆಳಗಿದೆ.
ಭಾನುವಾರ ಚರ್ಚಿಗೆ ಹೊರಡುವ ಮೊದಲು
ಈನಿಡ್ ಗ್ರೀನ್‌ವುಡ್ ಮಂಡಿಯೂರಿ ಅದನ್ನು ಓದುತ್ತಾರೆ,
ಅರ್ಧ ಪ್ರಾರ್ಥನೆ ಅಲ್ಲೇ ಮುಗಿಯುತ್ತದೆ.
ಮೂವತ್ತೆಂಟು ವರ್ಷ ಮಾರ್ಕೆಟ್ಟಿನಲ್ಲಿ ಅಂಗಿಯ ಗುಂಡಿ ಮಾರಿದವರು;
ಡಜನ್ನಿಗೆ ಒಂದು ಕಡಿಮೆ ಬಿದ್ದರೆ
ಬೆರಳಿಗೇ ಗೊತ್ತಾಗುತ್ತಿತ್ತಂತೆ.

ನನ್ನದೂ ಗುಂಡಿಯ ಕೆಲಸವೇ.
ಹ್ಯಾಲಿಫ್ಯಾಕ್ಸಿನಲ್ಲಿ ಕಿವಿ ಪರೀಕ್ಷಿಸುತ್ತೇನೆ:
‘ಕೇಳಿಸಿದರೆ ಒತ್ತಿ’ —
ದಿನಕ್ಕೆ ಹದಿನಾಲ್ಕು ಸಲ.
ಸಂಜೆ ಸದ್ದು ಹಿಡಿಯುವ ಚಟ.
ಕಾಲುವೆಯ ತೂಬು ತೆರೆಯುವಾಗ ಮರ ನರಳುವುದು,
ಸುರಂಗದೊಳಗೆ ರೈಲು ತನ್ನನ್ನೇ ನುಂಗುವುದು,
ಗುರುವಾರ ಮೊಟ್ಟೆಯ ಹುಡುಗ ತಟ್ಟೆ ಇಳಿಸುವುದು.
ಇವೆಲ್ಲ ಯಾವುದೋ ಕಂಪನಿಯ ಉಗ್ರಾಣದಲ್ಲಿ, ತಿಂಗಳ ಲೆಕ್ಕಕ್ಕೆ.
ನಾನಂತೂ ಬಾಡಿಗೆಯವ,
ನನ್ನ ಸದ್ದುಗಳೂ ಬಾಡಿಗೆಗೆ ಇರಬೇಕೆ?

‘ಮನೆಯಲ್ಲೊಂದು ಸರ್ವರ್ ಇಡಲೇ?’ ಅಂದೆ.
‘ರಾತ್ರಿ?’
‘ರಾತ್ರಿಯೂ. ನಂದಾದೀಪದ ಹಾಗೆ.’
ಆಕೆಗೆ ಹಳೆಯ ಬಾಯ್ಲರಿನ ಪುಟ್ಟ ನೀಲಿ ಜ್ವಾಲೆ ನೆನಪಾಯಿತು.
‘ಎಷ್ಟು ಕುಡಿಯುತ್ತೆ?’

ಒಂದು ವ್ಯಾಟ್ ವರ್ಷವಿಡೀ ಉರಿದರೆ
ಹೆಚ್ಚುಕಡಿಮೆ ಎರಡೂಕಾಲು ಪೌಂಡ್.
ಇಷ್ಟೇ ನನ್ನ ಮಗ್ಗಿ; ಹಿಡಿದು ಹೊರಟೆ.

ಕ್ಲಿನಿಕ್ಕಿನವರು ಎಸೆಯಲಿದ್ದ ಟವರು ಪುಕ್ಕಟೆ ಸಿಕ್ಕಿತು.
ಸುಮ್ಮನೆ ಕೂತರೂ ಅರವತ್ತೆಂಟು ವ್ಯಾಟ್,
ಮೇಲೆ ಫ್ಯಾನಿನ ಗೊರಕೆ.
ಪುಕ್ಕಟೆ ಆನೆ. ಅರೆಕಾಸಿನ ಮಜ್ಜಿಗೆ ಯಾವ ಮೂಲೆಗೆ?
ಅಂಗೈಯಷ್ಟು ಬೋರ್ಡು ಮೂರೇ ವ್ಯಾಟಿಗೆ ಒಪ್ಪಿತು,
ಎರಡು ವಾರಕ್ಕೆ ಮೆಮೊರಿ ಕಾರ್ಡು ಸತ್ತು
ಒಂದು ಇಡೀ ಏಪ್ರಿಲ್ಲನ್ನು ಕರೆದುಕೊಂಡು ಹೋಯಿತು.
ಕೊನೆಗೆ, ಬಾಗಿಲು ಹಾಕಿದ ಬ್ಯಾಂಕೊಂದರ ಕೌಂಟರಿನಿಂದ
ಬಿಸ್ಕತ್ತಿನ ಡಬ್ಬಿಯಂಥದ್ದು, ಇಪ್ಪತ್ತೆಂಟು ಪೌಂಡಿಗೆ.
ಫ್ಯಾನಿಲ್ಲ. ತಿರುಗುವುದು ಒಳಗೆ ಏನೂ ಇಲ್ಲ.
ಆರು ವ್ಯಾಟ್.
ಮುಚ್ಚಳದ ಮೇಲೆ ಇನ್ನೂ ಯಾರದೋ ಹಳದಿ ಚೀಟಿ:
‘ಲಿಂಡಾ, ಊಟಕ್ಕೆ ಹೋಗಿದ್ದೇನೆ’.

‘ಆರು ಎಲ್ಲಿಂದ ತರುತ್ತೀ?’ ಅಂದರು ಈನಿಡ್.
ಅವತ್ತು ರಾತ್ರಿ ಮನೆಯನ್ನೆಲ್ಲ ಆರಿಸಿದೆ,
ಅವರ ಒಪ್ಪಿಗೆ ಪಡೆದು ಫ್ರಿಜ್ಜನ್ನೂ.
ಮೆಟ್ಟಿಲ ಕೆಳಗೆ ಕತ್ತಲಲ್ಲಿ ಕೂತೆ,
ಮೀಟರಿನ ಕೆಂಪು ಕಣ್ಣಿಗೆ ಎದುರಾಗಿ.
ಕಾಲು ಗಂಟೆಗೆ ಒಮ್ಮೆ ಮಿಟುಕಿತು.
ಮತ್ತೆ ಕಾಲು ಗಂಟೆಗೆ. ಮತ್ತೆ.
ಯಾರೋ ನಾಲ್ಕು ವ್ಯಾಟ್ ಉಣ್ಣುತ್ತಿದ್ದಾರೆ.

ಕಿವಿಯಿಟ್ಟೆ. ನನಗೆ ಬರುವುದು ಅದೊಂದೇ.
ಗೋಡೆಯ ಹಲಗೆಯ ಹಿಂದೆ, ನೂರು ಹರ್ಟ್ಜಿನಲ್ಲಿ,
ಹಳೆಯ ಕಾಲದ ಒಂದು ಗುಂಯ್:
ಕರೆಗಂಟೆಯ ಟ್ರಾನ್ಸ್‌ಫಾರ್ಮರು.
ತಂತಿ ಹಿಡಿದು ಬಾಗಿಲವರೆಗೆ ಹೋದೆ.
ಇಲಿ ಕಡಿದಿತ್ತು. ಗಂಟೆ ಎಂದೋ ಸತ್ತಿತ್ತು,
ಅದಕ್ಕೆ ಬಡಿಸುವುದನ್ನು ಯಾರೂ ನಿಲ್ಲಿಸಿರಲಿಲ್ಲ.

ಬೆಳಿಗ್ಗೆ ಹೇಳಿದೆ.
ಈನಿಡ್ ಚಹಾದ ಲೋಟ ಕೆಳಗಿಟ್ಟರು.
‘ಕೆಟ್ಟಿತ್ತಾ?’
‘ಬಹಳ ವರ್ಷದಿಂದ.’
‘ನಾನು ನನ್ನ ಕಿವಿ ಅಂದುಕೊಂಡೆ.’

ಹನ್ನೊಂದು ಚಳಿಗಾಲ.
ಬಂದವರು ಒತ್ತಿ, ಕಾದು, ತಿರುಗಿ ಹೋಗಿದ್ದರು;
ಈಕೆ ಒಳಗೆ ತನ್ನನ್ನೇ ಬೈದುಕೊಂಡು
ಯಾರಿಗೂ ಹೇಳದೆ
ಟಿವಿಯ ದನಿ ಏರಿಸುತ್ತ ಕೂತಿದ್ದರು.
ಮಹಡಿಯಲ್ಲೇ ನಾನಿದ್ದೆ, ಕಿವಿ ಪರೀಕ್ಷಿಸುವವನು,
ಎರಡು ವರ್ಷದಿಂದ.

ಎದ್ದು ಹೋಗಿ ಹೊರಗಿನ ಗುಂಡಿಯನ್ನು
ತಾವೇ ಒಮ್ಮೆ ಒತ್ತಿ ನೋಡಿದರು.
ಆಮೇಲೆ ವ್ಯಾಪಾರಕ್ಕೆ ಇಳಿದರು:
ಗಂಟೆಯ ನಾಲ್ಕು ನಿನಗೆ,
ಉಳಿದೆರಡಕ್ಕೆ ನಾಲ್ಕೂವರೆ ಪೌಂಡ್, ಮುಂಗಡ.

ಡಬ್ಬಿ ಈಗ ಮೆಟ್ಟಿಲ ಕೆಳಗೆ, ಛತ್ರಿಗಳ ಪಕ್ಕ.
ಮುಟ್ಟಿದರೆ ಬೆಕ್ಕು ಎದ್ದುಹೋದ ಕುರ್ಚಿಯಷ್ಟು ಬಿಸಿ.
ಲಿಂಡಾಳ ಚೀಟಿ ಕೀಳಲಿಲ್ಲ.
ಅದರಲ್ಲಿ ಮೊದಲು ಇಟ್ಟದ್ದು ಹದಿನಾಲ್ಕು ಸೆಕೆಂಡು:
ಮೊಟ್ಟೆಯ ಹುಡುಗ ಬೆರಳ ಗೆಣ್ಣಿನಿಂದ ಬಾಗಿಲು ಬಡಿಯುವುದು,
ಒಳಗಿನಿಂದ ಕುರ್ಚಿ ಸರಿಯುವುದು,
‘ಕೇಳಿಸಿತು, ಕೇಳಿಸಿತು, ಬಂದೆ.’