ಇಳಿವಿನ ಲೆಕ್ಕ

ಸಿಲಾವೋಸಿಗೆ ಏರುವ ರಸ್ತೆಗೆ ನಾನೂರು ತಿರುವು.
ಹನ್ನೊಂದು ವರ್ಷದಿಂದ, ದಿನಕ್ಕೆರಡು ಸಲ,
ಶಾಲೆ ಬಸ್ಸಿನ ಸೀಟಿನಲ್ಲಿ ಕೂತೇ
ಅಷ್ಟನ್ನೂ ತಿರುಗಿಸಿದ್ದೇನೆ.
ಸಂಜೆ ಇಂಜಿನ್ ಆರಿದ ಮೇಲೂ
ಸೊಂಟ ಎಡಕ್ಕೆ ಬಲಕ್ಕೆ ವಾಲುತ್ತಲೇ ಇರುತ್ತದೆ.
ಕಾಲನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಅದಕ್ಕೇ ಈ ನೋಟ್‌ಬುಕ್ಕು.
ಚೌಕುಳಿ ಹಾಳೆ, ನೀಲಿ ರಟ್ಟು,
ಯಾವನೋ ಹುಡುಗ ಸೀಟಿನಡಿ ಮರೆತು ಹೋದದ್ದು.
ಮೊದಲ ವಾರ ಹದಿನೆಂಟು ಕಿಲೋಮೀಟರು.
ಎರಡನೆಯ ವಾರ ಇಪ್ಪತ್ತು.
ಮೂರನೆಯದು ಇಪ್ಪತ್ತೆರಡು, ಅದರಲ್ಲಿ ಒಂದೂವರೆ ಸುಳ್ಳು.
ನಾಲ್ಕನೆಯ ವಾರ ಕಡಿಮೆ ಮಾಡು,
ಮೈಗೆ ಅರಗಿಸಿಕೊಳ್ಳಲು ಬಿಡು ಅಂತಾರೆ ಬಲ್ಲವರು.
ನಾನು ಇಪ್ಪತ್ತೊಂಬತ್ತು ಓಡಿದೆ.
ಐದನೆಯ ವಾರದ ಸಾಲಿನಲ್ಲಿ ಅಂಕಿಯಿಲ್ಲ.
ಮೊಣಕಾಲು, ಬಟಾಣಿ ಅಂತಿದೆ;
ಫ್ರೀಜರಿನಿಂದ ತೆಗೆದು ಕಟ್ಟಿಕೊಂಡ ಬಟಾಣಿ.

ಕಣಿವೆಯಾಚೆ ಮಾರ್ಲಾದಲ್ಲಿ ನನ್ನ ಮಾವ ಫುಲ್ಬೇರ್.
ಆ ಊರಿಗೆ ರಸ್ತೆಯಿಲ್ಲ.
ಗ್ಯಾಸ್ ಸಿಲಿಂಡರು ಹೆಲಿಕಾಪ್ಟರಿನಲ್ಲಿ ಬರುತ್ತದೆ,
ನೆಂಟರು ಕಾಲಿನಲ್ಲಿ.
ವಯಸ್ಸಿನಲ್ಲಿ ಅವನು ಬೇಳೆ ಮೂಟೆ ಹೊತ್ತು ತಾಯಿಬಿ ಕಣಿವೆಬಾಗಿಲು ದಾಟಿದವನು,
ಪ್ಲಾಸ್ಟಿಕ್ ಚಪ್ಪಲಿಯಲ್ಲಿ,
ಅದಕ್ಕೆ ತರಬೇತಿ ಅನ್ನುತ್ತಾರೆಂದು ಗೊತ್ತಿಲ್ಲದೆ.

ಕುಂಟುತ್ತ ಹೋದೆ. ನೋಟ್‌ಬುಕ್ಕು ತೋರಿಸಿದೆ.
ಕನ್ನಡಕ ಹುಡುಕಿ, ಒರೆಸಿ, ಬೆರಳಿಟ್ಟು ಓದಿದ.
"ಎಲ್ವೀನ್, ಹತ್ತಿದ್ದು ಬರೆದಿದ್ದೀಯ.
ಇಳಿದದ್ದೆಲ್ಲಿ?"

ಇಳಿಯುವುದನ್ನು ಯಾರಾದರೂ ಬರೆಯುತ್ತಾರೆಯೇ?

"ಹತ್ತುವಾಗ ಬೆಟ್ಟ ಉಸಿರು ಕೇಳುತ್ತದೆ.
ಅಲ್ಲೇ ಕೊಟ್ಟು ಕೈ ತೊಳೆದುಕೊಳ್ಳಬಹುದು.
ಇಳಿಯುವಾಗ ಕೇಳುವುದು ಮಂಡಿಯನ್ನು.
ಅದು ಸಾಲ. ಬಡ್ಡಿಗೆ ಮಾರನೆಯ ದಿನ ಬರುತ್ತದೆ."

ಮೂರು ವಾರ ನಡೆದೆ, ಓಡಲಿಲ್ಲ.
ಅಂಗೈ ತೊಡೆಯ ಮೇಲಿಟ್ಟು, ಮುಂದಕ್ಕೆ ಬಾಗಿ,
ಮರದ ದಿಮ್ಮಿಯ ಮೆಟ್ಟಿಲು ಮೇಲೆ ಮೆಟ್ಟಿಲು.
ಒಂಬತ್ತಕ್ಕೆಲ್ಲ ಮಂಜು ಬಂದು
ಮುಂದಿನ ತಿರುವನ್ನು ಒರೆಸಿಬಿಡುತ್ತಿತ್ತು.
ಟೆಕ್‌ಟೆಕ್ ಹಕ್ಕಿ ಕಲ್ಲಿಂದ ಕಲ್ಲಿಗೆ ಹಾರುತ್ತ
ನನ್ನ ವೇಗಕ್ಕೇ ಮುಂದೆ ಮುಂದೆ ಹೋಗುತ್ತಿತ್ತು;
ಅವಮಾನವೇನಲ್ಲ, ಜೊತೆ.

ದಾರಿಯ ಪಕ್ಕ ಒಂದು ಗುಡಿಸಲು, ಕಷಾಯ ಮಾರುತ್ತಾರೆ:
ಹತ್ತುವವರಿಗೊಂದು, ಇಳಿಯುವವರಿಗೊಂದು.
ಎರಡಕ್ಕೂ ಒಂದೇ ಕೆಟಲು ಅಂತ ನನ್ನ ಗುಮಾನಿ.
ಆದರೂ ಎರಡನ್ನೂ ಕುಡಿದೆ.

ಕಣಿವೆಬಾಗಿಲಿನ ತನಕ ಒಂದು ದಿನ ಮಾವನೂ ಬಂದ.
ಅಲ್ಲಿಂದ ಇಳಿಯುವುದನ್ನು ತೋರಿಸಿದ:
ಚಿಕ್ಕ ಹೆಜ್ಜೆ, ಸಡಿಲ ಮಂಡಿ,
ಕಾದ ಕಾವಲಿಯ ಮೇಲಿಟ್ಟಂತೆ ಇಟ್ಟು ಎತ್ತಿಬಿಡುವುದು.
"ಮೆಟ್ಟಿಲನ್ನು ಎಬ್ಬಿಸಬೇಡ" ಅಂದ.
ನಾನು ಎಬ್ಬಿಸುತ್ತಲೇ ಇದ್ದೆ,
ಧಬ ಧಬ, ಜಲ್ಲಿ ಉರುಳಿಸುತ್ತ.
ಕೆಳಗೆ ಎಲ್ಲೋ ಒಂದು ಮೇಕೆ ಬೈಯಿತು.
ಅರ್ಧದಲ್ಲಿ ಅವನು ಕೂತ. ಚಪ್ಪಲಿ ಬಿಚ್ಚಿ ಕೊಡವಿದ,
ಅದರಲ್ಲಿ ಕಲ್ಲೇನೂ ಇರಲಿಲ್ಲ.
ಇಬ್ಬರೂ ಆ ಮಾತೆತ್ತಲಿಲ್ಲ.

ಹದಿಮೂರನೆಯ ವಾರ: ನಲವತ್ತೊಂದು ಕಿಲೋಮೀಟರು.
ಏರು, ಎರಡು ಸಾವಿರದ ಇನ್ನೂರು ಮೀಟರು.
ಪಕ್ಕದಲ್ಲಿ ಹೊಸ ಗೆರೆ ಎಳೆದೆ, ಸ್ಕೇಲಿಲ್ಲದೆ, ಸೊಟ್ಟ.
ಇಳಿವು, ಅಷ್ಟೇ.
ಅಷ್ಟೇ ಎಂಬುದು ಸುಳ್ಳೆಂದು ತೊಡೆಗೆ ಗೊತ್ತು.

ಸೋಮವಾರ ಬಸ್ಸು ಕೆಳಗಿಳಿಯುತ್ತಿತ್ತು.
ಬೆನ್ನ ಹಿಂದೆ ನಲವತ್ತು ಮಕ್ಕಳ ಗದ್ದಲ,
ಬಂಡೆಯ ಮಗ್ಗುಲಲ್ಲಿ ಕುರುಡು ತಿರುವು.
ಕೈ ತಾನಾಗಿ ಎರಡನೇ ಗೇರಿಗೆ ಹೋಯಿತು.
ಇಂಜಿನ್ ಗೊಣಗಿತು, ಭಾರವನ್ನು ತಾನು ಹಿಡಿದುಕೊಂಡಿತು.
ಬ್ರೇಕು ಸುಡದಂತೆ ಇಳಿಯುವುದು
ಹನ್ನೊಂದು ವರ್ಷದಿಂದ ನನಗೆ ಗೊತ್ತಿತ್ತು.
ಕಾಲಿಗೆ ಹೇಳಿರಲಿಲ್ಲ, ಅಷ್ಟೆ.

ನಿಲ್ದಾಣದಲ್ಲಿ ಮಕ್ಕಳೆಲ್ಲ ಧುಮುಕಿ ಓಡಿದ ಮೇಲೆ
ಕಂಬಿ ಹಿಡಿದು, ಹಿಮ್ಮುಖವಾಗಿ,
ಬಸ್ಸಿನ ಎರಡು ಮೆಟ್ಟಿಲು ಇಳಿದೆ. ಹಲ್ಲು ಕಚ್ಚಿ.
ಅದನ್ನೂ ಬರೆದೆ:
ಇಳಿವು, ಅರ್ಧ ಮೀಟರು.